62ನೇ ಸುತ್ತಿನ ಹುಡುಗ

ಐಪಿಎಲ್ ಹರಾಜಿನ ದಿನ ನಾವೆಲ್ಲ ಪುಸ್ತಕ ಮುಚ್ಚಿಟ್ಟು ಫೋನ್ ಹಿಡಿದು ಕೂರ್ತೀವಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹೊಸ ಹುಡುಗರಿಗೆ ಹರಾಜಿಲ್ಲ, 1965ರಿಂದ ‘ಡ್ರಾಫ್ಟ್’ ಇದೆ. ಹೈಸ್ಕೂಲು, ಕಾಲೇಜುಗಳಲ್ಲಿ ಆಡುವವರನ್ನು ತಂಡಗಳು ಸರದಿ ಪ್ರಕಾರ, ಸುತ್ತು ಸುತ್ತಾಗಿ ಆರಿಸಿಕೊಳ್ಳುತ್ತವೆ. ಆಮೇಲೆ ಅವರನ್ನು ಮೈನರ್ ಲೀಗ್ ತಂಡಗಳಲ್ಲಿ ವರ್ಷಗಟ್ಟಲೆ ಪಳಗಿಸುತ್ತವೆ.

ಆರಿಸೋದು ಹೇಗೆ? ಸ್ಕೌಟ್‌ಗಳು ಊರೂರು ತಿರುಗಿ ಹೊಡೆತ, ಬಲ, ಓಟ, ಫೀಲ್ಡಿಂಗ್, ಎಸೆತ ಈ ಐದಕ್ಕೆ 20ರಿಂದ 80ರೊಳಗೆ ಅಂಕ ಕೊಡುತ್ತಾರೆ. ಆದರೆ 18ರ ಹುಡುಗ 25ಕ್ಕೆ ಏನಾಗ್ತಾನೆ ಅನ್ನೋದಕ್ಕೆ ಯಾವ ಸೂತ್ರವೂ ಇಲ್ಲ. 1991ರಲ್ಲಿ ಯಾಂಕೀಸ್ ಮೊಟ್ಟಮೊದಲನೆಯವನಾಗಿ ಆರಿಸಿದ್ದು ಬ್ರಿಯೆನ್ ಟೇಲರ್‌ನನ್ನು. ಎರಡು ವರ್ಷಕ್ಕೆ ಒಂದು ಜಗಳದಲ್ಲಿ ಭುಜಕ್ಕೆ ಪೆಟ್ಟಾಯಿತು. ಮೇಜರ್ ಲೀಗ್‌ನಲ್ಲಿ ಆತ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

ಇನ್ನೊಂದು ಕಡೆ ಮೈಕ್ ಪಿಯಾಝಾ. 1988ರಲ್ಲಿ 62ನೇ ಸುತ್ತು, 1390ನೇ ಆಯ್ಕೆ. ಅದೂ ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಅವರ ತಂದೆಯ ಸ್ನೇಹಿತ ಅನ್ನೋ ವಶೀಲಿಯಿಂದ! ಫಸ್ಟ್ ಬೇಸ್‌ನಲ್ಲಿ ಆಡುತ್ತಿದ್ದವನನ್ನು ಕ್ಯಾಚರ್ ಮಾಡಿ ತಿದ್ದಿದರು. ಕೊನೆಗೆ 427 ಹೋಮ್ ರನ್, 2016ರಲ್ಲಿ ಹಾಲ್ ಆಫ್ ಫೇಮ್. 1998ರಲ್ಲಿ 38ನೇ ಸುತ್ತಿನಲ್ಲಿ ಸಿಕ್ಕ ಮಾರ್ಕ್ ಬರ್ಲಿ 2009ರಲ್ಲಿ ಎದುರಾಳಿಗಳ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದೆ ‘ಪರ್ಫೆಕ್ಟ್ ಗೇಮ್’ ಎಸೆದ.

ಈಗ ಆ ಸುತ್ತುಗಳೇ ಇಲ್ಲ. 2019ರಲ್ಲಿ 40 ಸುತ್ತಿದ್ದ ಡ್ರಾಫ್ಟ್ 2021ರಿಂದ 20ಕ್ಕೆ ಇಳಿದಿದೆ. ಅದೇ ವರ್ಷ ಮೇಜರ್ ಲೀಗ್‌ಗೆ ಸೇರಿದ ಮೈನರ್ ಲೀಗ್ ತಂಡಗಳನ್ನೂ 160ರಿಂದ 120ಕ್ಕೆ ಇಳಿಸಿದರು. ಇದು ತಪ್ಪು ಅನ್ನೋದು ನಮ್ಮ ಅಭಿಪ್ರಾಯ.

ಕಡಿಮೆ ಜನ ಇದ್ದರೆ ಒಳ್ಳೆ ಸಂಬಳ ಕೊಡಬಹುದು, ಆಯ್ಕೆಯಾಗದವರೂ ನೇರವಾಗಿ ತಂಡ ಸೇರಬಹುದು ಅಂತ ವಾದಿಸುವವರಿದ್ದಾರೆ. ಸಂಬಳ ಏರಿದ್ದು ನಿಜ, ಅದು ಏರಲೇಬೇಕಿತ್ತು. 2023ರ ಒಪ್ಪಂದದಲ್ಲಿ ಸಿಂಗಲ್-ಎ ಹಂತದ ಕನಿಷ್ಠ ಸಂಬಳ ವರ್ಷಕ್ಕೆ 11,000 ಡಾಲರ್‌ನಿಂದ 26,200 ಡಾಲರ್ ಆಯಿತು. ಆದರೆ ಅದೇ ವರ್ಷದ ಮೊದಲ ಆಯ್ಕೆ ಪಾಲ್ ಸ್ಕೀನ್ಸ್‌ಗೆ ಸಹಿ ಹಾಕಿದ್ದಕ್ಕೇ 92 ಲಕ್ಷ ಡಾಲರ್ ಸಿಕ್ಕಿತು. ಭಾಗಿಸಿ ನೋಡಿ, ಸುಮಾರು 350 ಹುಡುಗರ ಒಂದು ವರ್ಷದ ಸಂಬಳ! ಸ್ಕೀನ್ಸ್‌ಗೆ ಕೊಟ್ಟಿದ್ದು ಹೆಚ್ಚಾಯ್ತು ಅಂತ ನಾವು ಹೇಳ್ತಿಲ್ಲ. ದುಡ್ಡಿಲ್ಲ ಅನ್ನೋ ಮಾತು ನಂಬೋ ಹಾಗಿಲ್ಲ, ಅಷ್ಟೇ.

ಆಯ್ಕೆಯಲ್ಲಿ ತಪ್ಪಾಗೋದು ಸಹಜ. ಹಾಗಾಗಿಯೇ ಕೊನೆಯ ಸುತ್ತುಗಳು ಬೇಕು, ಸಣ್ಣ ಊರಿನ ತಂಡಗಳು ಬೇಕು. ತಡವಾಗಿ ಬೆಳೆಯುವ ಹುಡುಗನಿಗೆ ಬೇಕಾಗಿರೋದು ದಿನಾ ಆಡೋಕೆ ಒಂದು ಮೈದಾನ, ತಿದ್ದೋಕೆ ಒಬ್ಬ ಕೋಚ್, ಎರಡು ಮೂರು ವರ್ಷ ಸಮಯ. ಪಿಯಾಝಾಗೆ ವಶೀಲಿ ಇತ್ತು. ವಶೀಲಿ ಇಲ್ಲದವನಿಗೆ 38ನೇ ಸುತ್ತಾದರೂ ಇರಲಿ ಅಲ್ವಾ?