ಅಟ್ಟದ ಮೇಲಿನ ಪುಸ್ತಕಗಳು

ಈಸೂರಿನ 1942ರ ಹೋರಾಟದಲ್ಲಿ ಗಲ್ಲಿಗೇರಿದ ಐವರನ್ನು ನಾಡು ಬಲ್ಲದು. ಜೈಲು ಕಂಡ ಉಳಿದವರ ಬಗ್ಗೆ ಮನೆಮನೆಯಲ್ಲಿ ಕೇಳಿ ಬರೆದು, ಸ್ವಂತ ಖರ್ಚಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದೆ. ಮುನ್ನೂರು ಇನ್ನೂ ಅಟ್ಟದ ಮೇಲಿವೆ. "ಫೇಸ್‌ಬುಕ್ಕಿಗೆ ಹಾಕಿ ಅಪ್ಪಾಜಿ" ಎಂದ ಮಗಳಿಗೆ, ತನ್ನನ್ನು ತಾನು ಹೊಗಳಿಕೊಳ್ಳುವುದು ಶರಣರ ದಾರಿಯಲ್ಲ ಎಂದು ಗದರಿದ್ದೆ. ತಪ್ಪು ನನ್ನದೇ.

ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ' ಹೊರತಂದರು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು. ಅಚ್ಚಾದದ್ದನ್ನು ಅವರೂ ಸಂಕೋಚದಿಂದ ಅಟ್ಟಕ್ಕೇರಿಸಿದ್ದರೆ? ಗಳಗನಾಥರಂತೂ ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ಆತ್ಮಪ್ರಶಂಸೆ ಎನ್ನಲಾದೀತೇ?

ಇಂದು ಮೊಬೈಲಿನಲ್ಲಿ ಕಾಣುವುದು ಹೆಚ್ಚಾಗಿ ಶಾಲು ಹೊದ್ದ ಲೇಖಕರ ಫೋಟೊ. ಪುಸ್ತಕದೊಳಗಿನ ಒಂದು ಸಾಲೂ ಇರುವುದಿಲ್ಲ. ಅದು ಬೇಡ. ವಾರಕ್ಕೊಂದು ಪುಟ, ಬೆಲೆ, ಸಿಗುವ ಜಾಗ ಸಾಕು. ನೀರಾವರಿ ಇಲಾಖೆಯಲ್ಲಿ ದುಡಿದ ನನಗಿದು ಮೊದಲೇ ಹೊಳೆಯಬೇಕಿತ್ತು: ಅಣೆಕಟ್ಟು ಕಟ್ಟಿದ ಮಾತ್ರಕ್ಕೆ ಕಾಲುವೆಯ ಕೊನೆಯ ಗದ್ದೆಗೆ ನೀರು ಹೋಗುವುದಿಲ್ಲ.

ಕಳೆದ ತಿಂಗಳು ಮಠದ ವಾಟ್ಸಾಪ್ ಗುಂಪಿಗೆ ಒಂದು ಪುಟ ಹಾಕಿದೆ. ಹನ್ನೊಂದು ಪ್ರತಿ ಹೋದವು. ಒಬ್ಬ ತಾಯಿ ಫೋನ್ ಮಾಡಿ, ಜೈಲಿಗೆ ಹೋಗಿದ್ದ ತಮ್ಮ ಅಜ್ಜನ ಹೆಸರೇ ಪುಸ್ತಕದಲ್ಲಿ ಬಿಟ್ಟುಹೋಗಿದೆ ಎಂದರು. ನಾಳೆ ಅವರ ಮನೆಗೆ ಹೋಗುತ್ತಿದ್ದೇನೆ.