ಉಸುಕಿನ ಮನೆಗೆ ಹೊಸ್ತಿಲು

ಕಳೆದ ದೀಪಾವಳಿಯ ಪಾಡ್ಯದ ದಿನ ನಾವು ಗೋಕಾಕ ಸೀಮೆಯ ಮೇಲವಂಕಿಯಲ್ಲಿ ಬಂಧುಗಳ ಮನೆಯಲ್ಲಿದ್ದೆವು. ಅಂಗಳದಲ್ಲಿ ಹೆಣ್ಣುಮಕ್ಕಳು ಸೆಗಣಿಯ ಪಾಂಡವರನ್ನು ಕೂಡಿಸಿ ಚೆಂಡುಹೂ ಸಿಗಿಸುತ್ತಿರಲು, ಒಳಗೆ ಪಡಸಾಲೆಯಲ್ಲಿ ಜಗಳವೆದ್ದಿತು. ಹತ್ತು ವರುಷದ ಹುಡುಗಿಯೊಬ್ಬಳು ಕಣ್ಣೊರಸಿಕೊಳ್ಳುತ್ತ ಬಂದು, “ಕಾಕಾ, ನನ್ನ ಮನೀ ಕೆಡವ್ಯಾನ ನೋಡ್ರಿ!” ಎಂದು ನಮ್ಮ ಮುಂದೆ ಫಿರ್ಯಾದು ಹೇಳಿದಳು. ಕೆಡವಿದವನು ಅವಳ ಸೋದರಮಾವನ ಮಗ. ಕೆಡವಿದ್ದು ಮಾತ್ರ ಮಣ್ಣಿನ ಮನೆಯಲ್ಲ, ಗಣಕಯಂತ್ರದೊಳಗಿನ ಮನೆ; ಇಪ್ಪತ್ತು ದಿನ ಕುಳಿತು ಕಟ್ಟಿದ್ದಂತೆ.

ನಮ್ಮ ವಾಚಕರಲ್ಲಿ ಹಲವರಿಗೆ ಈ ಬಗೆಯ ಆಟದ ಪರಿಚಯವಿರಲಾರದು. ಇಂಗ್ಲಿಷಿನವರು ಇದಕ್ಕೆ ‘ಸ್ಯಾಂಡ್‌ಬಾಕ್ಸ್’, ಎಂದರೆ ಉಸುಕಿನ ಪೆಟ್ಟಿಗೆಯೆಂದು ಹೆಸರಿಟ್ಟಿರುವರು. ಇಲ್ಲಿ ಪಗಡೆಯ ಗೆಲುವಿಲ್ಲ, ಚದುರಂಗದ ಸೋಲಿಲ್ಲ; ನಾಲ್ವರು ಕೂಡಿ ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿಟ್ಟು ಒಂದು ಲೋಕವನ್ನು ಕಟ್ಟುತ್ತ ಹೋಗುವದಷ್ಟೇ ಆಟ. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಎಂಬಾತನು 2009ರಲ್ಲಿ ಹೊರತಂದ ಮೈನ್‌ಕ್ರಾಫ್ಟ್ ಇವುಗಳಲ್ಲಿ ಬಹು ಪ್ರಸಿದ್ಧವಾದುದು. 2023ರ ಹೊತ್ತಿಗೆ ಅದರ 30 ಕೋಟಿಗೂ ಮಿಕ್ಕ ಪ್ರತಿಗಳು ಮಾರಿಹೋಗಿದ್ದವು. ಮೇಲವಂಕಿಯ ಮಕ್ಕಳು ಆಡುತ್ತಿದ್ದುದು ಅದಲ್ಲ, ಲುವಾಂಟಿ. ಫಿನ್ಲೆಂಡಿನ ಪೆರ್ಟು ಅಹೋಲಾ 2010ರಲ್ಲಿ ಆರಂಭಿಸಿದ ಇದಕ್ಕೆ 2024ರ ವರೆಗೆ ಮೈನ್‌ಟೆಸ್ಟ್ ಎಂದು ಹೆಸರಿತ್ತು. ಇದಕ್ಕೆ ದುಡ್ಡಿಲ್ಲ, ಬಲ್ಲವರು ಇದನ್ನು ಬಿಚ್ಚಿ ತಮ್ಮದೇ ಆಟವನ್ನು ರಚಿಸಿಕೊಳ್ಳಬಹುದು. ಬೆಳಗಾವಿಯಲ್ಲಿ ಓದುವ ಆ ಮನೆಯ ಹಿರಿಯ ಹುಡುಗನು ಹಾಗೆಯೇ ಮಾಡಿದ್ದನು. ಹೊಳೆ, ಕಬ್ಬಿನ ಹೊಲ, ಜೋಳದ ಕಣ, ಗುಡಿಯ ಕಟ್ಟೆ ಎಲ್ಲವನ್ನೂ ತನ್ನ ಆಟದಲ್ಲಿ ತಂದಿದ್ದನು. ನಾವು ನೋಡಿ ಸಂತೋಷಪಟ್ಟೆವು.

ಹಲವರು ಒಂದೇ ಲೋಕದಲ್ಲಿ ಆಡುವದು ಹೇಗೆಂಬುದನ್ನು ಅವನು ನಮಗೆ ತಿಳಿಯಹೇಳಿದನು. ಲೋಕದ ನಿಜವಾದ ಲೆಕ್ಕವು ಸರ್ವರ್ ಎಂಬ ಒಂದೇ ಯಂತ್ರದಲ್ಲಿರುವದು. ಉಳಿದವರ ಯಂತ್ರಗಳು, ಮೊಬೈಲುಗಳು, “ಇಲ್ಲಿ ಒಂದು ಕಲ್ಲಿಡಲೇ?” ಎಂದು ಅದನ್ನು ಕೇಳುವವು, ಅದು ಒಪ್ಪಿದರೆ ಕಲ್ಲು ನಿಲ್ಲುವದು, ಎಲ್ಲರಿಗೂ ಕಾಣುವದು. ಹಿಂದಿನ ಕಾಲದ ಕುಲಕರ್ಣಿಯ ದಫ್ತರವನ್ನು ಬಲ್ಲವರಿಗೆ ಇದು ಕಷ್ಟವಾಗಲಾರದು. ಆದರೆ ದಫ್ತರವು ಏನನ್ನು ಒಪ್ಪಬೇಕು, ಏನನ್ನು ಒಪ್ಪಬಾರದು ಎಂಬುದನ್ನು ಆಟ ರಚಿಸುವವನು ಮೊದಲೇ ಹೇಳಿರಬೇಕು. ನಮ್ಮ ಹುಡುಗನು ಕಟ್ಟುವದನ್ನು ಕುರಿತು ಆರು ತಿಂಗಳು ಯೋಚಿಸಿದ್ದನು. ಕೆಡವುವದನ್ನು ಕುರಿತು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಕೆಡವಿದ್ದನ್ನು ಮರಳಿಸಲು ಬಾರದೇ ಎಂದು ಕೇಳಿದೆವು. ಲುವಾಂಟಿಯಲ್ಲಿ ಆ ಉಪಾಯವುಂಟು: ಯಾರು ಯಾವ ಕಲ್ಲನ್ನು ಎಂದು ತೆಗೆದರೆಂದು ಬರೆದಿಟ್ಟುಕೊಂಡು, ಒಬ್ಬನು ಮಾಡಿದ್ದನ್ನಷ್ಟೇ ಹಿಂದಕ್ಕೆ ಸುತ್ತಬಹುದು. ಆದರೆ ಆ ಲೆಕ್ಕವನ್ನಿಡೆಂದು ಮುಂಚೆಯೇ ಅಪ್ಪಣೆ ಮಾಡಿರಬೇಕು, ಇವನು ಮಾಡಿರಲಿಲ್ಲ. ಇವನ ಬಳಿ ಇದ್ದುದು ಮೂರು ದಿನ ಹಿಂದಿನ ಇಡೀ ಲೋಕದ ಪ್ರತಿಯೊಂದು. ಅದನ್ನು ತಂದು ನಿಲ್ಲಿಸಿದರೆ ಹುಡುಗಿಯ ಮನೆ ಮರಳುವದು, ಉಳಿದ ಮಕ್ಕಳು ಆ ಮೂರು ದಿನ ತೋಡಿದ ಕಾಲುವೆ ಅಳಿಯುವದು. ಒಬ್ಬಳ ನ್ಯಾಯಕ್ಕಾಗಿ ಇಬ್ಬರ ಶ್ರಮ. ಪಡಸಾಲೆಯು ಕಚೇರಿಯಾಯಿತು.

ಅಜ್ಜಿ ಕಂಬಕ್ಕೊರಗಿ ಎಲ್ಲವನ್ನೂ ಕೇಳುತ್ತ ಕುಳಿತಿದ್ದರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಸೀಮೆಯಲ್ಲೆಲ್ಲ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡವರು ಅವರು. “ಕೆಡವಿದ್ದು ಹೊಳಿಯೋ, ಹುಡುಗನೋ?” ಎಂದು ಕೇಳಿದರು. ಹುಡುಗನೆಂದು ತಿಳಿದ ಮೇಲೆ, “ಹೊಳಿ ಆಗಿದ್ರ ಬ್ಯಾರೆ ಮಾತು” ಎಂದು ಸುಮ್ಮನಾದರು.

ಅಜ್ಜಿಯ ಮಾತು ನಮ್ಮನ್ನು ಬಹಳ ಹೊತ್ತು ಬಿಡಲಿಲ್ಲ. ನಾವು ಚಿಕ್ಕಂದಿನಲ್ಲಿ ಹೊಳೆಯ ದಂಡೆಯಲ್ಲಿ ಉಸುಕಿನ ಮನೆ ಕಟ್ಟಿದ್ದೆವು. ಸಂಜೆಗೆ ನಾವೇ ಕಾಲಿನಿಂದ ಒದ್ದು ಮನೆಗೆ ಓಡುತ್ತಿದ್ದೆವು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ನೀರು ಸೇರುವವು. ಬೆಳಗಾವಿಯ ಓಣಿಗಳಲ್ಲಿ ದೀಪಾವಳಿಗೆಂದು ಹುಡುಗರು ಕೂಡಿ ಕಟ್ಟುವ ಮಣ್ಣಿನ ಕೋಟೆಗಳೂ ಹಬ್ಬದ ಮೇಲೆ ನಿಲ್ಲುವದಿಲ್ಲ. ಮಣ್ಣು ತಾನಾಗಿಯೇ ಅಳಿಯುವದರಿಂದ ಅಲ್ಲಿ ಯಾರ ಮೇಲೂ ಸಿಟ್ಟು ಬಹಳ ದಿನ ಉಳಿಯದು. ಯಂತ್ರದ ಕಲ್ಲಿಗೆ ಮಳೆಯಿಲ್ಲ, ಗೆದ್ದಲಿಲ್ಲ. ಅಲ್ಲಿ ಗೋಡೆ ಬಿದ್ದಿತೆಂದರೆ ಯಾರೋ ಬೀಳಿಸಿದರೆಂದೇ ಅರ್ಥ. ‘ಬರಿಯ ಆಟವಲ್ಲವೇ’ ಎಂದು ಮಗುವನ್ನು ಗದರಿಸುವ ಹಿರಿಯರು ಇದನ್ನು ಗಮನಿಸಿದಂತೆ ತೋರದು. (ಬೆಳಿಗ್ಗೆ ನಾವೂ ಹಾಗೆಯೇ ಗದರಿಸಿದ್ದೆವೆಂದು ಒಪ್ಪಿಕೊಳ್ಳಬೇಕು.)

ಮಧ್ಯಾಹ್ನ ಹೋಳಿಗೆಯೂಟವಾದ ಮೇಲೆ ಮಕ್ಕಳೇ ಕಾಗದ ಹಿಡಿದು ಕಟ್ಟಳೆ ಬರೆಯತೊಡಗಿದರು. ಪ್ರತಿಯೊಬ್ಬರಿಗೂ ಒಂದು ಹೊಸ್ತಿಲ ಕಲ್ಲು. ಅದರ ಸುತ್ತ ಹತ್ತು ಹೆಜ್ಜೆಯೊಳಗೆ ಮನೆಯವರು ಹೆಸರು ಬರೆಸಿದವರ ಹೊರತು ಯಾರೂ ಕಲ್ಲು ಮುಟ್ಟಕೂಡದು. ದಾರಿ, ಕಾಲುವೆ, ಗುಡಿಯ ಕಟ್ಟೆ ಎಲ್ಲರವು. ಅಲ್ಲಿ ಕೆಡವಬೇಕಾದರೆ ಇಬ್ಬರ ಒಪ್ಪಿಗೆ ಬೇಕು. ಸರಿಯೆಂದುಕೊಂಡೆವು. ಆಗ ಮಾವನ ಮಗನು, ಅವಳ ಹತ್ತು ಹೆಜ್ಜೆಯ ಆಚೆ ಸುತ್ತಲೂ ತಾನು ಎತ್ತರದ ಗೋಡೆ ಕಟ್ಟಿದರೆ ಹೇಗೆಂದು ಕೇಳಿದನು. ಒಂದು ಕಲ್ಲನ್ನೂ ಮುಟ್ಟದೆ ಮನೆಯನ್ನು ಸೆರೆಮನೆ ಮಾಡುವ ಉಪಾಯ! ಅಪರಾಧಿಯೇ ಕಟ್ಟಳೆಯ ಬಿರುಕನ್ನು ಎಲ್ಲರಿಗಿಂತ ಮುಂಚೆ ಕಂಡನು. ಆಟ ರಚಿಸುವವರು ಇಂಥವನೊಬ್ಬನನ್ನು ಹತ್ತಿರ ಕೂಡಿಸಿಕೊಳ್ಳುವದು ಒಳಿತೆಂದು ನಮ್ಮ ಅಭಿಪ್ರಾಯ. ಹೊಸ್ತಿಲಿನಿಂದ ದಾರಿಯ ವರೆಗೆ ಹಾದಿ ಬಿಡಬೇಕೆಂಬ ಮಾತು ಕಾಗದಕ್ಕೆ ಸೇರಿತು.

ದೊಡ್ಡವರೂ ಇಂತಹ ಆಟವನ್ನು ಕೆಲಸಕ್ಕೆ ಹಚ್ಚಿರುವರು. ವಿಶ್ವಸಂಸ್ಥೆಯ ವಸತಿ ಶಾಖೆಯು 2012ರಲ್ಲಿ ಮೈನ್‌ಕ್ರಾಫ್ಟಿನ ಕಂಪನಿಯೊಡನೆ ಕೂಡಿ, ಊರ ಬಯಲುಗಳು ಹೇಗಿರಬೇಕೆಂದು ಅಲ್ಲಿಯ ನಿವಾಸಿಗಳೇ ಆಟದಲ್ಲಿ ಕಟ್ಟಿ ತೋರಿಸುವ ‘ಬ್ಲಾಕ್ ಬೈ ಬ್ಲಾಕ್’ ಎಂಬ ಉದ್ಯೋಗವನ್ನು ಆರಂಭಿಸಿತು. ನಕಾಶೆ ಓದಲು ಬಾರದವನೂ ತನ್ನ ಊರಿನ ಬಯಲನ್ನು ಗುರುತಿಸಬಲ್ಲನಷ್ಟೆ.

ಹಳೆಯ ಪ್ರತಿಯನ್ನು ತರುವ ಮಾತು ಕೊನೆಗೆ ಹುಡುಗಿಗೇ ಬಿಟ್ಟಿತು. ಕಾಲುವೆಯ ದಂಡೆಯಲ್ಲಿ ಬಹಳ ಹೊತ್ತು ಅಡ್ಡಾಡಿ, ತರುವದು ಬೇಡವೆಂದಳು. ಮರುದಿನ ನಾವು ಬಸ್ಸು ಹಿಡಿಯಲು ಹೊರಟಾಗ, ಕಾಲುವೆಯ ಆಚೆ ಎತ್ತರದ ಜಾಗದಲ್ಲಿ ಹೊಸ ಮನೆಯ ಗೋಡೆ ಮೂರು ಸಾಲು ಎದ್ದಿತ್ತು. ಮಾವನ ಮಗನು ಗುಡ್ಡದಿಂದ ಕಲ್ಲು ತಂದು ಹೊಸ್ತಿಲ ಹೊರಗೆ ಒಟ್ಟುತ್ತಿದ್ದನು. ಅವನ ಹೆಸರನ್ನು ಅವಳು ಇನ್ನೂ ಬರೆಸಿರಲಿಲ್ಲ.