ಜೋಳದ ಹೊಲದ ನಡುವಿನ ಕಾಲೇಜು

ನನ್ನ ಅಕ್ಕನ ಮಗಳಿಗೆ ಅಮೆರಿಕದಿಂದ ಎರಡು ಪ್ರವೇಶಪತ್ರಗಳು ಬಂದಿವೆ. ಒಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ್ದು. ಇನ್ನೊಂದು ಅಯೋವಾ ರಾಜ್ಯದ ಗ್ರಿನೆಲ್ ಎಂಬ ಪುಟ್ಟ ಊರಿನ, ಅದೇ ಹೆಸರಿನ ಕಾಲೇಜಿನದು. ಅವಳ ಮನಸ್ಸು ಎರಡನೆಯದರತ್ತ ವಾಲಿದೆ. ‘ಮನೆ ಅಡವಿಟ್ಟು ಸಾಲ ತರುವುದು ಮಗಳನ್ನು ಹಳ್ಳಿಗೆ ಕಳುಹಿಸುವುದಕ್ಕೇನು?’ ಎಂಬುದು ಭಾವನವರ ಪ್ರಶ್ನೆ. ಎರಡೂ ದುಬಾರಿಯೇ ಆಗಿರುವಾಗ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಮ್ಯಾನ್‌ಹಟನ್ನಿನ ನಡುವೆ ಓದುವವರಿಗೆ ವಸ್ತುಸಂಗ್ರಹಾಲಯಗಳು, ರಂಗಮಂದಿರಗಳು, ದೊಡ್ಡ ಕಂಪೆನಿಗಳ ಕಚೇರಿಗಳು ಕೈಗೆಟಕುವ ದೂರದಲ್ಲಿರುತ್ತವೆ. ಅದು ಸಣ್ಣ ಲಾಭವಲ್ಲ.

1846ರಲ್ಲಿ ಸ್ಥಾಪನೆಯಾದ ಗ್ರಿನೆಲ್‌ನಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಎರಡು ಸಾವಿರವನ್ನೂ ಮುಟ್ಟುವುದಿಲ್ಲ. ಮೊದಲ ಸೆಮಿಸ್ಟರಿನ ಒಂದು ಟ್ಯುಟೋರಿಯಲ್ ಬಿಟ್ಟರೆ ಎಲ್ಲರಿಗೂ ಕಡ್ಡಾಯವೆನ್ನುವ ಪಠ್ಯವಿಲ್ಲ. ಮುಖ್ಯ ವಿಷಯದ ಅಗತ್ಯಗಳನ್ನು ಪೂರೈಸಿ, ಉಳಿದುದನ್ನು ಅಧ್ಯಾಪಕರೊಡನೆ ಚರ್ಚಿಸಿ ತಾವೇ ಆರಿಸಿಕೊಳ್ಳಬೇಕು. ಪಿಯುಸಿಯಲ್ಲೇ ಮಕ್ಕಳನ್ನು ವಿಜ್ಞಾನ, ವಾಣಿಜ್ಯ, ಕಲೆ ಎಂದು ವಿಂಗಡಿಸಿಬಿಡುವ ನಮಗೆ ಇದು ಒಗ್ಗುವುದು ಕಷ್ಟ.

ಭಾವನವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ದುಡಿದು ನಿವೃತ್ತರಾದವರು. ಆದ್ದರಿಂದ ಅವರಿಗೆ ರಾಬರ್ಟ್ ನಾಯ್ಸ್ ಅವರ ಕಥೆ ಹೇಳಿದೆ. ಇಂಟೆಲ್ ಸ್ಥಾಪಕರಲ್ಲಿ ಒಬ್ಬರಾದ ನಾಯ್ಸ್ 1949ರಲ್ಲಿ ಪದವಿ ಪಡೆದದ್ದು ಇದೇ ಗ್ರಿನೆಲ್‌ನಲ್ಲಿ. ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ. ಭೌತಶಾಸ್ತ್ರದ ಅಧ್ಯಾಪಕ ಗ್ರಾಂಟ್ ಗೇಲ್ ಅವರು ಮೊದಮೊದಲ ಟ್ರಾನ್ಸಿಸ್ಟರ್‌ಗಳನ್ನು ತರಿಸಿ, ಆ ಹೊಲಗಳ ನಡುವಿನ ತರಗತಿಯಲ್ಲಿ ಪಾಠ ಮಾಡಿದರು. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ವಿದ್ಯಾರ್ಥಿಗಳ ಔತಣವೊಂದಕ್ಕಾಗಿ ನಾಯ್ಸ್ ಊರಿನ ಮೇಯರ್ ಅವರ ಹಂದಿಯನ್ನು ಕದ್ದಿದ್ದರು! ಅಯೋವಾದಲ್ಲಿ ಜಾನುವಾರು ಕಳವು ಗಂಭೀರ ಅಪರಾಧ. ಗೇಲ್ ಮತ್ತು ಕಾಲೇಜಿನ ಅಧ್ಯಕ್ಷರು ಹುಡುಗನ ಪರವಾಗಿ ನಿಂತದ್ದರಿಂದ, ಶಿಕ್ಷೆ ಒಂದು ಸೆಮಿಸ್ಟರಿನ ಅಮಾನತಿಗೆ ಮುಗಿಯಿತು. ಸಾವಿರಾರು ಮಂದಿಯ ನಡುವೆ ಕ್ರಮಸಂಖ್ಯೆಯಾಗಿ ಉಳಿದ ಹುಡುಗನ ಪರವಾಗಿ ಹೀಗೆ ಯಾರು ಹೋಗುತ್ತಿದ್ದರು?

ಮುಂದೆ ಅದೇ ನಾಯ್ಸ್ ಎಂಐಟಿಗೆ ಹೋಗಿ 1953ರಲ್ಲಿ ಡಾಕ್ಟರೇಟ್ ಪಡೆದರು. ಹದಿನೆಂಟರ ವಯಸ್ಸಿಗೆ ಬೇಕಾದುದು ಹೆಸರು ಹಿಡಿದು ಕರೆಯುವ ಅಧ್ಯಾಪಕರು. ಮಹಾನಗರ ನಾಲ್ಕು ವರ್ಷ ಕಾಯಬಲ್ಲದು ಎಂಬುದು ನನ್ನ ಅಭಿಪ್ರಾಯ. ಸಾಲ ತೀರಿಸಬೇಕಾದವನು ನಾನಲ್ಲ ಎಂಬುದೂ ನನಗೆ ನೆನಪಿದೆ.

ಉತ್ತರ ಕೊಡಲು ಮೇ 1 ಕೊನೆಯ ದಿನ. ಮೊನ್ನೆ ರಾತ್ರಿ ಭಾವನವರು ಫೋನ್ ಮಾಡಿ, ಅಯೋವಾದಲ್ಲಿ ಜನವರಿಯ ಚಳಿ ಎಷ್ಟಿರುತ್ತದೆ ಎಂದು ವಿಚಾರಿಸಿದರು.